ಮುನ್ಸೂಚನೆ ಎಂಬ ಹೊಸ ಪಂಚಾಂಗ

ಯುಗಾದಿಯ ದಿನ ಊರ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಾರೆ. ವರ್ಷಕ್ಕೆ ರಾಜ ಯಾರು, ಮಂತ್ರಿ ಯಾರು, ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ನೆಲಕ್ಕೆಷ್ಟು ಎಂಬ ಲೆಕ್ಕವೆಲ್ಲ ಅದರಲ್ಲಿ ಇರುತ್ತದೆ. ಅದಾದ ಮೇಲೆ ಏಪ್ರಿಲ್ ತಿಂಗಳ ನಡುವಿಗೆ ದೆಹಲಿಯಿಂದ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆ ಬರುತ್ತದೆ: ಈ ಸಲದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96, ಇಲ್ಲವೇ 99, ಇಲ್ಲವೇ 105. ಮೊದಲನೆಯದನ್ನು ಕೇಳಿ ಮುಸಿನಕ್ಕವರೇ ಎರಡನೆಯದನ್ನು ನಂಬಿ ಟ್ರ್ಯಾಕ್ಟರ್ ಕಂಪನಿಯ ಷೇರು ಕೊಳ್ಳುತ್ತಾರೆ, ಗೊಬ್ಬರ ದಾಸ್ತಾನು ಮಾಡುತ್ತಾರೆ, ಟಿ.ವಿ.ಯಲ್ಲಿ ‘ರೈತರ ಮೊಗದಲ್ಲಿ ಮಂದಹಾಸ’ ಎಂದು ಪಟ್ಟಿ ಓಡಿಸುತ್ತಾರೆ. ಪಂಚಾಂಗದ ಪರವಾಗಿ ಒಂದು ಮಾತು ಹೇಳಲೇಬೇಕು. ಬೀಳುವ ಮಳೆಯಲ್ಲಿ ಒಂದು ಪಾಲು ಸಮುದ್ರಕ್ಕೇ ಹೋಗುತ್ತದೆಂದು ಅದಾದರೂ ಒಪ್ಪಿಕೊಳ್ಳುತ್ತದೆ.

ನನ್ನ ಜಗಳ ಹವಾಮಾನ ವಿಜ್ಞಾನಿಗಳ ಜೊತೆಗಲ್ಲ. ತಮ್ಮ ಅಂಕಿ ಶೇ 4-5ರಷ್ಟು ಆಚೀಚೆ ಆಗಬಹುದೆಂದು ಅವರು ಪ್ರಕಟಣೆಯಲ್ಲೇ ಬರೆದಿರುತ್ತಾರೆ. ಆ ಸಾಲನ್ನು ನುಂಗಿಹಾಕುವವರು ನಾವು. ಜಗಳ ಇರುವುದು ನಮ್ಮ ಕಾಲದ ಓದಿದವರೆಲ್ಲ ಚರ್ಚೆಯಿಲ್ಲದೆ ಒಪ್ಪಿಕೊಂಡುಬಿಟ್ಟಿರುವ ಒಂದು ನಂಬಿಕೆಯ ಜೊತೆ. ಕಷ್ಟ ಬರುವುದು ಮುಂದೆ ಆಗುವುದು ಗೊತ್ತಿಲ್ಲದ್ದರಿಂದ. ಇನ್ನೂ ದೊಡ್ಡ ಕಂಪ್ಯೂಟರು, ಇನ್ನೂ ನಿಖರವಾದ ಲೆಕ್ಕ ಸಿಕ್ಕಿದರೆ ಮುಂದಿನದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಎಲ್ಲಕ್ಕಿಂತ ಹೆಚ್ಚು ಲಾಭದ ಒಂದು ದಾರಿ ಹಿಡಿದು ಉಳಿದವನ್ನು ಕೈಬಿಡುವುದೇ ಜಾಣತನ. ಹೊಲಕ್ಕೆ ಒಂದೇ ಬೆಳೆ, ಮನೆಗೆ ಒಂದೇ ಸಂಬಳ, ಮಗುವಿಗೆ ಒಂದೇ ಪರೀಕ್ಷೆ. ಈ ಜಾಣತನ ಮನೆಗಳನ್ನು ಮುಳುಗಿಸುತ್ತಿದೆ ಎಂಬುದು ನನ್ನ ವಾದ. ಬರುವ ಸೆಪ್ಟೆಂಬರಿನ ಮಳೆ ಯಾರಿಗೂ ಗೊತ್ತಿಲ್ಲ. ಆ ಮಳೆ ಕೈಕೊಟ್ಟರೆ ನನಗೆ ಎಷ್ಟು ಪೆಟ್ಟು, ಅತಿಯಾದರೆ ಎಷ್ಟು ಪೆಟ್ಟು, ಅನಿರೀಕ್ಷಿತವಾಗಿ ಒಳ್ಳೆಯದಾದರೆ ಅದನ್ನು ಹಿಡಿದಿಟ್ಟುಕೊಳ್ಳಲು ನನ್ನ ಹತ್ತಿರ ಏನಿದೆ ಎಂಬುದನ್ನು ಇವತ್ತೇ ಕೂತು ಲೆಕ್ಕ ಹಾಕಬಹುದು. ಗೊತ್ತಾಗುವ ಲೆಕ್ಕವನ್ನು ಬಿಟ್ಟು ಗೊತ್ತಾಗದ ಲೆಕ್ಕದ ಹಿಂದೆ ಬಿದ್ದಿದ್ದೇವೆ.

ಈ ಗೀಳು ಹುಟ್ಟಿದ್ದು ಒಂದು ಮಹಾ ಕ್ಷಾಮದಲ್ಲಿ. 1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನವನ್ನು ಹೇಗೆ ತಿಂದಿತು ಎಂಬುದಕ್ಕೆ ಜನಗಣತಿಯೇ ಸಾಕ್ಷಿ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ಆ ಕ್ಷಾಮದ ಬೆನ್ನಿಗೆ ಬ್ರಿಟಿಷ್ ಸರ್ಕಾರ ಎರಡು ಕೆಲಸ ಮಾಡಿತು. ಒಂದು, ಆಗಷ್ಟೇ ಹುಟ್ಟಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡನಿಗೆ ಮುಂಗಾರನ್ನು ಮೊದಲೇ ಹೇಳಲು ಸಾಧ್ಯವೇ ನೋಡು ಎಂದಿತು; ಆತ ಹಿಮಾಲಯದ ಹಿಮದ ಪ್ರಮಾಣ ನೋಡಿ 1880ರ ದಶಕದಲ್ಲಿ ಮುನ್ಸೂಚನೆ ಕೊಡತೊಡಗಿದ. ಇನ್ನೊಂದು, 1880ರ ಕ್ಷಾಮ ಆಯೋಗದ ವರದಿಯ ಮೇಲೆ ‘ಕ್ಷಾಮ ಸಂಹಿತೆ’ ಬರೆಸಿತು. ಸಂಹಿತೆ ಮುಂದಿನ ಬರ ಯಾವಾಗ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಅನುಮಾನ ಬಂದ ಕಡೆ ಪರೀಕ್ಷಾರ್ಥ ಕಾಮಗಾರಿ ತೆರೆಯಿರಿ, ಅಲ್ಲಿನ ಕಡಿಮೆ ಕೂಲಿಗೂ ಜನ ಮಣ್ಣು ಹೊರಲು ಬಂದರೆ ಬರ ಬಂದಿದೆ ಎಂದೇ ಅರ್ಥ, ಆಗ ಇಂತಿಂಥದ್ದು ಮಾಡಿ ಎಂದಿತು. ಜಿಪುಣ ಸರ್ಕಾರದ ಜಿಪುಣ ದಾಖಲೆ ಅದು, ಅದರಲ್ಲಿ ಕರುಣೆಗೆ ಜಾಗ ಕಡಿಮೆ. ಆದರೂ ಅದರ ಬುದ್ಧಿ ಸರಿಯಾಗಿತ್ತು: ‘ಯಾವಾಗ’ ಎಂಬುದನ್ನು ಬಿಟ್ಟು ‘ಆದರೆ ಏನು’ ಎಂಬುದಕ್ಕೆ ಉತ್ತರ ಬರೆದಿಟ್ಟಿತು.

ಒಂದೇ ಕ್ಷಾಮದ ಈ ಎರಡು ಮಕ್ಕಳಲ್ಲಿ ನಾವು ಮುದ್ದಿಸಿ ಬೆಳೆಸಿದ್ದು ಮೊದಲನೆಯದನ್ನು. ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ 1904ರಿಂದ 1924ರವರೆಗೆ ಇಲಾಖೆಯ ಮುಖ್ಯಸ್ಥನಾಗಿ ಪ್ರಪಂಚದ ವಾಯುಭಾರದ ಅಂಕಿಗಳನ್ನೆಲ್ಲ ಜಾಲಾಡಿದ. ಮುಂಗಾರಿನ ಕೀಲಿಕೈ ಹುಡುಕಲು ಹೋಗಿ ಶಾಂತ ಸಾಗರದ ವಾಯುಭಾರ ತೂಗಾಡುವುದನ್ನು ಕಂಡುಹಿಡಿದ. ಇವತ್ತು ಎಲ್ ನಿನೊ ಕುರಿತು ನಾವು ಆಡುವ ಮಾತಿಗೆಲ್ಲ ಅದು ಅಡಿಪಾಯ. ವಿಜ್ಞಾನಕ್ಕೆ ದೊಡ್ಡ ಲಾಭ. ಕೀಲಿಕೈ ಮಾತ್ರ ಸಿಗಲಿಲ್ಲ.

1988ರಲ್ಲಿ ಹದಿನಾರು ಅಂಶಗಳ ಹೊಸ ಸೂತ್ರ ಬಂತು. ಸತತವಾಗಿ ವಾಡಿಕೆ ಮಳೆ ಎಂದಿತು, ವಾಡಿಕೆ ಮಳೆಯೇ ಬಂತು, ದೇಶ ಭೇಷ್ ಎಂದಿತು. ಆ ಅವಧಿಯಲ್ಲಿ ದೇಶಮಟ್ಟದಲ್ಲಿ ಒಂದೂ ದೊಡ್ಡ ಬರ ಬೀಳಲಿಲ್ಲ. ನಮ್ಮೂರ ಕಟ್ಟೆಯ ಮೇಲೆ ಕೂತವರೂ ಪ್ರತಿವರ್ಷ ‘ಪರವಾಗಿಲ್ಲ ಬಿಡಿ’ ಎಂದಿದ್ದರೆ ಅಷ್ಟೇ ಅಂಕ ಗಳಿಸುತ್ತಿದ್ದರು. ಪರೀಕ್ಷೆ ಬಂದದ್ದು 2002ರಲ್ಲಿ. ಸೂತ್ರ ಹೇಳಿದ್ದು ಶೇ 101, ಬಿದ್ದದ್ದು ಶೇ 81. ಜುಲೈ ತಿಂಗಳೊಂದರಲ್ಲೇ ಅರ್ಧದಷ್ಟು ಮಳೆ ಮಾಯ. ಸೂತ್ರ ಬದಲಾಯಿತು. 2009ರ ಏಪ್ರಿಲಿನಲ್ಲಿ ಹೊಸ ಸೂತ್ರ ಶೇ 96 ಎಂದಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 78ರ ಆಸುಪಾಸು. ಅದೇ 2009ರಲ್ಲಿ ಉತ್ತರ ಕರ್ನಾಟಕ ಮಳೆಗಾಗಿ ಬಾಯಿಬಿಟ್ಟು ಕೂತಿದ್ದಾಗ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಆಕಾಶವೇ ಹರಿದುಬಿತ್ತು. ರಾಯಚೂರು, ಬಾಗಲಕೋಟೆ, ವಿಜಯಪುರದ ಕಡೆ ಮಣ್ಣಿನ ಮನೆಗಳು ಕರಗಿದವು, ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿದಳು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬರದ ವರ್ಷ ಅದು, ಲೆಕ್ಕದ ಪ್ರಕಾರ.

ಮುನ್ಸೂಚನೆ ಸುಳ್ಳಾದ ವರ್ಷಗಳನ್ನೇ ಆರಿಸಿಕೊಂಡು ಬಡಿಯುತ್ತಿದ್ದಾನೆ ಎನ್ನಬಹುದು. ಸರಿ, ನಿಜವಾದ ವರ್ಷವನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಇಲಾಖೆ ಹೇಳಿದ್ದು ಶೇ 96; ಬಿದ್ದದ್ದು ಶೇ 94. ಬಾಣ ಗುರಿಗೆ ನಾಟಿದಂತೆಯೇ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಇಡೀ ದೇಶದ, ನಾಲ್ಕು ತಿಂಗಳ ಸರಾಸರಿ ಸರಿಯಾಗಿದ್ದರೆ ಪಾವಗಡದ ರೈತನಿಗೆ ಆಗುವ ಪ್ರಯೋಜನ ಏನು? ಅವನಿಗೆ ಬೇಕಾದದ್ದು ತನ್ನ ಹೊಲದಲ್ಲಿ ಕಡಲೆಕಾಯಿ ಹೂಡು ಇಳಿಸುವ ಎರಡು ವಾರದಲ್ಲಿ ಒಂದು ಹದ ಮಳೆ. ಅದನ್ನು ಏಪ್ರಿಲಿನಲ್ಲಿ ಹೇಳಬಲ್ಲ ಯಂತ್ರ ಭೂಮಿಯ ಮೇಲಿಲ್ಲ.

ಎಲ್ಲಿ ಮುನ್ಸೂಚನೆ ಕೆಲಸ ಮಾಡುತ್ತದೋ ಅಲ್ಲಿ ಅದಕ್ಕೆ ಕೈಮುಗಿಯಬೇಕು. 1999ರಲ್ಲಿ ಒಡಿಶಾದ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಅಪ್ಪಳಿಸಿದಾಗ ಸತ್ತವರು ಐವತ್ತಕ್ಕೂ ಕಡಿಮೆ. ನಾಲ್ಕಾರು ದಿನ ಮೊದಲೇ ಎಚ್ಚರಿಕೆ ಸಿಕ್ಕಿತ್ತು, ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರು. ಆದರೆ ಸ್ಥಳಾಂತರಿಸಿದ್ದು ಎಲ್ಲಿಗೆ? ನಡುವಿನ ವರ್ಷಗಳಲ್ಲಿ, ಯಾವ ಚಂಡಮಾರುತವೂ ಕಣ್ಣಿಗೆ ಕಾಣದಿದ್ದಾಗ ಕಟ್ಟಿಟ್ಟಿದ್ದ ಆಶ್ರಯ ಕಟ್ಟಡಗಳಿಗೆ. ಅವು ಇಲ್ಲದಿದ್ದರೆ ಎಚ್ಚರಿಕೆಯ ಗಂಟೆ ಹೊಡೆದು ಜನ ಎಲ್ಲಿಗೆ ಓಡಬೇಕಿತ್ತು?

ಈಗ ಹೊಲಕ್ಕೆ ಬರೋಣ.

ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆದ್ದಲು ಹೊಲದಲ್ಲಿ ರಾಗಿ ಬಿತ್ತುವವರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೆಲವು ಸಾಲಿಗೊಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಅಲಸಂದೆ, ನಡುವೆ ಒಂದಿಷ್ಟು ಸಾಸಿವೆ, ಅಂಚಿಗೆ ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬೆ ಹಾಕುತ್ತಿದ್ದುದೂ ಇದೇ ಬುದ್ಧಿಯಿಂದ. ಮುಳ್ಳಿನ ಕುಸುಬೆ ದನಕ್ಕೆ ಬೇಲಿ, ಮನೆಗೆ ಎಣ್ಣೆ. ಹುಚ್ಚೆಳ್ಳನ್ನು ದನ ಮೂಸುವುದಿಲ್ಲ, ಜೇನು ಮಾತ್ರ ಹುಡುಕಿಕೊಂಡು ಬರುತ್ತದೆ. ರಾಗಿಯ ಬೇರು ಮೇಲೆಯೇ ಹರಡಿ ಮೇಲಿನ ತೇವ ಕುಡಿದರೆ ತೊಗರಿ, ಹರಳಿನ ಬೇರು ಆಳಕ್ಕಿಳಿದು ಕೆಳಗಿನದನ್ನು ಕುಡಿಯುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ನಿಂತು ರಾಗಿಯ ತೆನೆ ಜೊಳ್ಳಾದರೂ ತೊಗರಿ ಹಿಡಿದುಕೊಂಡಿರುತ್ತದೆ. ರಾಗಿ ಕೊಯ್ದ ಮೇಲೂ ಅವರೆ ಮಾರ್ಗಶಿರದ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತದೆ. ಮುಂಗಾರು ಪೂರ್ತಿ ಕೈಕೊಟ್ಟು ಉತ್ತರೆ ಮಳೆ ಬಿದ್ದರೆ, ಆಗ ಹುರುಳಿ ಚೆಲ್ಲಿದರೂ ಆದೀತು. ಇಡೀ ಹೊಲದಲ್ಲಿ ಎಲ್ಲವೂ ಚೆನ್ನಾಗಿ ಬಂದ ವರ್ಷ ಬಹುಶಃ ಯಾರೂ ಕಂಡಿಲ್ಲ. ಏನೂ ಬರದ ವರ್ಷವೂ ಅಷ್ಟೇ ಅಪರೂಪ.

ಇದಕ್ಕೆ ಕೃಷಿ ಪದವೀಧರರ ಉತ್ತರ ಸಿದ್ಧವಾಗಿದೆ. ಅಕ್ಕಡಿ ಸಾಲಿಟ್ಟರೆ ಮುಖ್ಯ ಬೆಳೆಯ ಇಳುವರಿ ಕಡಿಮೆ, ಕಟಾವು ಯಂತ್ರ ನುಗ್ಗಿಸಲಾಗದು, ಕಳೆನಾಶಕ ಹೊಡೆಯಲಾಗದು, ಆಳು ಸಿಗುವುದಿಲ್ಲ. ಹೈಬ್ರಿಡ್ ಮುಸುಕಿನ ಜೋಳವೊಂದನ್ನೇ ಹಾಕಿದರೆ ಸರಾಸರಿ ಆದಾಯ ಹೆಚ್ಚು. ಆಳಿನ ಮಾತು ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಸರಾಸರಿಯ ಮಾತಿಗೆ ಮಾತ್ರ ನಿಲ್ಲುತ್ತೇನೆ, ಏಕೆಂದರೆ ಮೋಸ ಅಲ್ಲಿದೆ.

ಒಂದು ಲೆಕ್ಕ ಹಾಕಿ ನೋಡಿ; ಅಂಕಿಗಳು ನನ್ನ ಊಹೆಯವು, ಬಡ್ಡಿ ಮಾತ್ರ ಹಳ್ಳಿಯಲ್ಲಿ ನಡೆಯುವಂಥದ್ದೇ. ಒಂಟಿ ಬೆಳೆಯವನಿಗೆ ಐದು ವರ್ಷದಲ್ಲಿ ನಾಲ್ಕು ಸಲ 50 ಸಾವಿರ ಲಾಭ, ಒಂದು ಸಲ 1 ಲಕ್ಷ ನಷ್ಟ. ಮಿಶ್ರ ಬೆಳೆಯವನಿಗೆ ಪ್ರತಿವರ್ಷ 18 ಸಾವಿರ. ಸರಾಸರಿ ತೆಗೆದರೆ ಮೊದಲನೆಯವನಿಗೆ ವರ್ಷಕ್ಕೆ 20 ಸಾವಿರ; ಅವನೇ ಗೆದ್ದ. ಈಗ ನಷ್ಟದ ವರ್ಷ ಮೊದಲೇ ಬಂತೆನ್ನಿ. ಕೈಯಲ್ಲಿ ಕಾಸಿಲ್ಲ, ಮೂರು ರೂಪಾಯಿ ಬಡ್ಡಿಗೆ, ಅಂದರೆ ವರ್ಷಕ್ಕೆ ಶೇ 36ರಂತೆ, ಲಕ್ಷ ರೂಪಾಯಿ ಸಾಲ. ಮರುವರ್ಷ ಸಾಲ 1 ಲಕ್ಷ 36 ಸಾವಿರ ಆಗುತ್ತದೆ. 50 ಸಾವಿರ ಕಟ್ಟಿದ, ಉಳಿದದ್ದು 86 ಸಾವಿರ. ಮೂರನೆಯ ವರ್ಷದ ಕೊನೆಗೆ ಸುಮಾರು 67 ಸಾವಿರ, ನಾಲ್ಕನೆಯದಕ್ಕೆ 41 ಸಾವಿರ. ನಾಲ್ಕು ಒಳ್ಳೆಯ ವರ್ಷಗಳ ಲಾಭವನ್ನೆಲ್ಲ ಸುರಿದ ಮೇಲೆ, ಐದನೆಯ ವರ್ಷದ ಕೊನೆಗೂ ಅವನ ತಲೆಯ ಮೇಲೆ ಸುಮಾರು 6 ಸಾವಿರ ಸಾಲ. ಈ ಐದು ವರ್ಷ ಅವನು ಏನನ್ನೂ ತಿಂದಿಲ್ಲ, ಮಕ್ಕಳ ಫೀಸು ಕಟ್ಟಿಲ್ಲ ಎಂದಿಟ್ಟುಕೊಂಡು ಹಾಕಿದ ಲೆಕ್ಕ ಇದು. ಇನ್ನೊಬ್ಬ ಇಷ್ಟರಲ್ಲಿ 90 ಸಾವಿರ ಕಂಡು, ಮನೆ ನಡೆಸಿ, ಅವರೆಕಾಳಿನ ಸಾರನ್ನೂ ಉಂಡಿದ್ದಾನೆ. ಸರಾಸರಿಯ ಕೋಷ್ಟಕದಲ್ಲಿ ಬಡ್ಡಿಗೆ ಕಾಲಂ ಇರುವುದಿಲ್ಲ. ನಷ್ಟದ ವರ್ಷ ಕೊನೆಗೆ ಬರಲಿ ಎಂದು ಮಳೆಯ ಜೊತೆ ಕರಾರು ಮಾಡಿಕೊಳ್ಳಲೂ ಆಗುವುದಿಲ್ಲ. ಮುಂದಾಗುವುದನ್ನು ಸರಿಯಾಗಿ ಊಹಿಸಲೇಬೇಕಾದ ಅನಿವಾರ್ಯಕ್ಕೆ ರೈತನನ್ನು ತಳ್ಳುವುದೇ ಸಾಲ. ಸಾಲವಿಲ್ಲದವನ ಊಹೆ ತಪ್ಪಾದರೆ ಒಂದು ವರ್ಷ ಹೋಗುತ್ತದೆ, ಸಾಲಗಾರನ ಊಹೆ ತಪ್ಪಾದರೆ ಹೊಲವೇ ಹೋಗುತ್ತದೆ.

ಹಿಂದಿನದೆಲ್ಲ ಚಿನ್ನ ಎಂದು ಹೇಳುವ ಜಾತಿಯವನಲ್ಲ ನಾನು. 1877ರಲ್ಲಿ ಸತ್ತವರ ಹೊಲದಲ್ಲೂ ಅಕ್ಕಡಿ ಸಾಲಿತ್ತು, ಊರಲ್ಲಿ ಹಗೇವಿತ್ತು. ಹುಳು ಬೀಳದ ರಾಗಿಯನ್ನು ವರ್ಷಗಟ್ಟಲೆ ನೆಲದೊಳಗೆ ಕಾಪಾಡುವ ಆ ಹಗೇವುಗಳು ಒಂದು ಬರವನ್ನು ದಾಟಿಸಬಲ್ಲವಾಗಿದ್ದವು. ಒಂದರ ಹಿಂದೊಂದು ಬಂದ ಬರ ಅವನ್ನು ಬರಿದು ಮಾಡಿತು, ಕಾಳು ಹಗೇವಿನಲ್ಲಿದ್ದದ್ದೂ ಎಲ್ಲರಿಗೂ ಸಮನಾಗಿ ಅಲ್ಲ. ಎಲ್ಲ ಪೆಟ್ಟನ್ನೂ ತಡೆಯುವ ಗುರಾಣಿ ಯಾವುದೂ ಇಲ್ಲ. ಆದರೆ ಇದ್ದ ಗುರಾಣಿಯನ್ನೂ ಎಸೆದು ಅಂಕಿಯೊಂದನ್ನು ಕೈಗೆ ಕೊಡುವುದು ಪ್ರಗತಿ ಹೇಗಾಗುತ್ತದೆ?

ಇಷ್ಟು ಹೇಳಿದ್ದು ಪೆಟ್ಟು ತಪ್ಪಿಸಿಕೊಳ್ಳುವ ಬಗ್ಗೆ. ಅನಿಶ್ಚಿತತೆಯಲ್ಲಿ ಲಾಭವೂ ಇದೆ ಎಂಬುದನ್ನು ಮುನ್ಸೂಚನೆಯ ಭಕ್ತರು ಪೂರ್ತಿ ಮರೆತಿದ್ದಾರೆ. ಬಯಲುಸೀಮೆಯ ಕೆರೆ ಕಟ್ಟಿದವರಿಗೆ ಇದು ಗೊತ್ತಿತ್ತು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವು ಸರಾಸರಿ ಮಳೆಗಾಗಿ ಕಟ್ಟಿದವಲ್ಲ. ಸರಾಸರಿ ಮಳೆಯನ್ನು ಹೊಲವೇ ಕುಡಿಯುತ್ತದೆ. ಯಾವತ್ತೋ ಒಂದು ರಾತ್ರಿ ಲೆಕ್ಕ ತಪ್ಪಿ ಸುರಿಯುವ ಮಳೆಗಾಗಿ ಕೆರೆ ವರ್ಷಗಟ್ಟಲೆ ಬಾಯಿಬಿಟ್ಟು ಕಾದಿರುತ್ತದೆ. ಒಂದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದೂ ತುಂಬಿದರೆ ಅದರ ಕೆಳಗಿನದಕ್ಕೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಕಾಲಿಕ ಮಳೆ ಬಿಡದೆ ಸುರಿಯಿತು. ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಅದೇ ಮಳೆಗೆ, ನೀರು ಕಂಡು ವರ್ಷಗಳೇ ಆಗಿದ್ದ ಕೆರೆಗಳು ಕೋಡಿ ಹರಿದವು. ಮಳೆ ಒಂದೇ, ಹೊಲಕ್ಕೆ ಸಾವು, ಕೆರೆಗೆ ಹಬ್ಬ. ಅದನ್ನು ಶಾಪವೆಂದೋ ವರವೆಂದೋ ತೀರ್ಮಾನಿಸಿದ್ದು ಕೆಳಗೆ ಏನು ಕಟ್ಟಿಟ್ಟಿದ್ದರು ಎಂಬುದು. ಇದಕ್ಕೆ ವಿರುದ್ಧದ ಉದಾಹರಣೆ ಬೇಕಾದರೆ ಬೆಂಗಳೂರು ಹತ್ತಿರದಲ್ಲೇ ಇದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಮಾರ್ಚಿನಲ್ಲಿ ಅದೇ ನಗರ ಟ್ಯಾಂಕರಿಗೆ ಕೊಡ ಹಿಡಿದು ನಿಂತಿತು. ಹಿಡಿದಿಡಲು ಜಾಗವಿಲ್ಲದ ಊರಿಗೆ ಮಳೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಕೆರೆಯ ಈ ಬುದ್ಧಿಯನ್ನು ತೋಟದಲ್ಲಿ ನೋಡಬೇಕಾದರೆ ಕರಾವಳಿ, ಮಲೆನಾಡಿನ ಅಡಿಕೆ ತೋಟಕ್ಕೆ ಹೋಗಬೇಕು. 1970ರ ದಶಕದಲ್ಲಿ ಅಡಿಕೆಯ ನೆರಳಿಗೆ ಕೋಕೋ ಬಂತು. ಕೊಳ್ಳುತ್ತಿದ್ದವರು ಆ ದಶಕದ ಕೊನೆಗೆ ಹಿಂದೆ ಸರಿದಾಗ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹಾಗಿದ್ದೂ ಕೋಕೋ ದೊಡ್ಡ ದುಡ್ಡಿನ ಬೆಳೆಯಾಗಲಿಲ್ಲ. ಅಳಿಲು, ಮಂಗ, ಕಾಯಿ ಕೊಳೆ, ವರ್ಷವರ್ಷ ಸವರುವ ಕೆಲಸ. ಜಾಣರು ಅನೇಕರು ಕಡಿದು ಹಾಕಿದರು. ಇರಲಿ ಬಿಡು, ಅಡಿಕೆಗೆ ಹಾಕಿದ ನೀರು ಗೊಬ್ಬರವನ್ನೇ ತಿಂದು ಬದುಕುತ್ತದೆ, ಸೊಪ್ಪಾದರೂ ಬೀಳುತ್ತದೆ ಎಂದು ಬಿಟ್ಟವರೂ ಇದ್ದರು. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಹವೆ ಕೆಟ್ಟು, ರೋಗ ಬಿದ್ದು, ಜಗತ್ತಿನ ಮಾರುಕಟ್ಟೆಯಲ್ಲಿ ಟನ್ನಿಗೆ ಎರಡು-ಮೂರು ಸಾವಿರ ಡಾಲರ್ ಇರುತ್ತಿದ್ದ ಕೋಕೋ 10 ಸಾವಿರ ದಾಟಿತು. ಘಾನಾದ ಬರವನ್ನು ಪುತ್ತೂರಿನಲ್ಲಿ ಕೂತು ಯಾರು ಊಹಿಸಿದ್ದರು? ಯಾರೂ ಇಲ್ಲ. ಗಿಡ ಬಿಟ್ಟಿದ್ದವರಿಗೆ ಊಹಿಸಬೇಕಾದ ಅಗತ್ಯವೂ ಇರಲಿಲ್ಲ. ಮರುವರ್ಷ ಬೆಲೆ ಇಳಿಯಿತು. ಇಳಿದರೆ ಅವರಿಗೆ ಹೋಗುವುದಾದರೂ ಏನು?

ಇದರ ಪಕ್ಕದಲ್ಲಿ ವೆನಿಲ್ಲಾದ ಕಥೆ ಇಟ್ಟು ಓದಬೇಕು. 2000ದ ಏಪ್ರಿಲಿನಲ್ಲಿ ಹುದಾ ಚಂಡಮಾರುತ ಮಡಗಾಸ್ಕರಿನ ಬಳ್ಳಿಗಳನ್ನು ನೆಲಸಮ ಮಾಡಿತು, ಎರಡು ವರ್ಷಕ್ಕೆ ಅಲ್ಲಿನ ರಾಜಕೀಯವೂ ಕೆಟ್ಟಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡು ಕೆ.ಜಿ.ಗೆ 3,000 ರೂಪಾಯಿ ದಾಟಿತ್ತು. ಅದಕ್ಕೂ ಮೊದಲೇ ಕುತೂಹಲಕ್ಕೆಂದು ಅಡಿಕೆ ಮರದ ನಡುವೆ ನಾಲ್ಕು ಬಳ್ಳಿ ಹಬ್ಬಿಸಿ, ಬೆಳಗಿನ ಹೊತ್ತು ಒಂದೊಂದು ಹೂವಿಗೂ ಕಡ್ಡಿ ಹಿಡಿದು ಪರಾಗ ಮುಟ್ಟಿಸುತ್ತಿದ್ದವರು ಆ ಒಂದೆರಡು ವರ್ಷದಲ್ಲಿ ಕಂಡ ದುಡ್ಡು ಅಡಿಕೆಯಲ್ಲಿ ಕಂಡಿರಲಿಲ್ಲ. ಅವರನ್ನು ನೋಡಿ ಹಿಂದೆ ಹೊರಟವರು ಮುನ್ಸೂಚನೆ ನಂಬಿದವರು. ಬೆಲೆ ಹೀಗೆಯೇ ಇರುತ್ತದೆಂದು ಲೇಖನಗಳು ಬಂದವು, ಸಭೆಗಳಾದವು. ಸಾಲ ಮಾಡಿ, ದುಬಾರಿ ಬೆಲೆಗೆ ಬಳ್ಳಿಯ ತುಂಡು ಕೊಂಡು, ನೆರಳುಬಲೆ ಕಟ್ಟಿದರು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಹೂ ಬಿಡುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಐಸ್‌ಕ್ರೀಮ್ ಕಂಪನಿಗಳು ಕೃತಕ ಪರಿಮಳಕ್ಕೆ ಹೊರಳಿದ್ದವು, ಹಸಿ ಕೋಡಿನ ಬೆಲೆ ನೂರರ ಆಸುಪಾಸಿಗೆ ಕುಸಿದಿತ್ತು. ಸಿಟ್ಟಿಗೆ ಬಳ್ಳಿ ಕಿತ್ತರು. 2017ರಲ್ಲಿ ಮಡಗಾಸ್ಕರಿಗೆ ಇನ್ನೊಂದು ಚಂಡಮಾರುತ ಬಡಿದು ಬೆಲೆ ಮತ್ತೆ ಆಕಾಶಕ್ಕೆ ಹೋದಾಗ ನಮ್ಮ ತೋಟಗಳಲ್ಲಿ ಬಳ್ಳಿಯೇ ಉಳಿದಿರಲಿಲ್ಲ. ಎರಡು ಸಲವೂ ಅನಿರೀಕ್ಷಿತವಾದದ್ದು ಬಾಗಿಲು ತಟ್ಟಿತು. ಮೊದಲ ಸಲ ತಡವಾಗಿ ಎಲ್ಲವನ್ನೂ ಸುರಿದು ಸೋತರು, ಎರಡನೆಯ ಸಲ ಮನೆಯಲ್ಲೇ ಇರಲಿಲ್ಲ.

ಅನಿಶ್ಚಿತತೆಯಿಂದ ಲಾಭ ಮಾಡಿಕೊಳ್ಳಿ ಎಂದಾಗ ಕಿವಿ ನಿಮಿರಿಸುವ ಇನ್ನೊಂದು ಗುಂಪಿದೆ, ಅವರನ್ನೂ ಇಲ್ಲೇ ವಿಚಾರಿಸಿಕೊಳ್ಳಬೇಕು. ಮೊಬೈಲಿನಲ್ಲಿ ಆಪ್ಷನ್ಸ್ ವಹಿವಾಟು ಮಾಡುವ ಹುಡುಗರು. ‘ರಿಸ್ಕ್ ತಗೊಳ್ಳದೆ ಇದ್ರೆ ಏನು ಸಿಗುತ್ತೆ ಸಾರ್’ ಎನ್ನುತ್ತಾರೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇಂಥ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ಕಳೆದುಕೊಂಡಿದ್ದಾರೆ; ಎಲ್ಲರದೂ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರನ್ನು ಧೈರ್ಯಶಾಲಿಗಳು ಎನ್ನುವುದು ತಪ್ಪು. ಇವರು ಮುನ್ಸೂಚನೆಯ ಪರಮಭಕ್ತರು. ನಾಳೆ ಮಧ್ಯಾಹ್ನದ ನಿಫ್ಟಿ ತಮಗೆ ಗೊತ್ತು ಎಂಬ ಭರವಸೆಯ ಮೇಲೆ ಅಪ್ಪನ ಪಿಂಚಣಿ ಇಟ್ಟವರು. ಕೋಕೋ ಗಿಡ ಕಡಿಯದೆ ಬಿಟ್ಟವನು ಏನನ್ನೂ ಪಣಕ್ಕಿಡಲಿಲ್ಲ.

ಅಡಿಕೆಯನ್ನೇ ಈಗ ಒಂಟಿ ಬೆಳೆ ಮಾಡಿಕೊಳ್ಳುತ್ತಿರುವ ರೀತಿ ನೋಡಿದರೆ ಭಯವಾಗುತ್ತದೆ. ಚಿತ್ರದುರ್ಗ, ದಾವಣಗೆರೆ, ತುಮಕೂರಿನ ಖುಷ್ಕಿ ಹೊಲಗಳಿಗೂ ಅದು ಇಳಿದಿದೆ, ಕೊಳವೆಬಾವಿಯ ನೀರಿನ ಮೇಲೆ, ಕೆಳಗೆ ಮೆಣಸಿನ ಬಳ್ಳಿಯೂ ಇಲ್ಲದೆ. ಮಲೆನಾಡಿನಲ್ಲಿ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಾರುತ್ತಿದೆ. ಬೆಲೆಯನ್ನು ಎತ್ತಿ ಹಿಡಿದಿರುವ ಆಸರೆಗಳಲ್ಲಿ ಒಂದು, 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 351 ರೂಪಾಯಿಗೆ ಏರಿಸಿದ ಆದೇಶ. ದೆಹಲಿಯ ಗುಮಾಸ್ತರೊಬ್ಬರು ಟೈಪು ಮಾಡಿದ ಒಂದು ಸಾಲಿನ ಮೇಲೆ ತಾಲ್ಲೂಕುಗಳಿಗೆ ತಾಲ್ಲೂಕುಗಳೇ ಮದುವೆ, ಮನೆ, ಮೆಡಿಕಲ್ ಸೀಟು ನಿಶ್ಚಯಿಸಿಕೊಂಡಿವೆ. ಕ್ಯಾಂಪ್ಕೊ ಹುಟ್ಟಿದ್ದೇ 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿದ್ದರಿಂದ ಎಂಬುದು ಇವರಿಗೆ ಯಾರೂ ಹೇಳಿಲ್ಲವೋ, ಹೇಳಿದವರನ್ನು ಅಪಶಕುನದವರೆಂದು ಓಡಿಸಿದರೋ.

ಇಷ್ಟಕ್ಕೆ ಗಟ್ಟಿಯಾದ ಆಕ್ಷೇಪ ಒಂದೇ: ಇದು ಇದ್ದವರ ಮಾತು. ಹತ್ತು ಎಕರೆ ತೋಟದವನು ನಾಲ್ಕು ಬಗೆ ಹಾಕಿ ನೋಡಬಹುದು. ಒಂದೂವರೆ ಎಕರೆಯವಳು, ಸ್ತ್ರೀಶಕ್ತಿ ಸಂಘದ ವಾರದ ಕಂತು ಕಟ್ಟಬೇಕಾದವಳು ಏನು ಮಾಡಬೇಕು? ಆಕ್ಷೇಪ ನಿಜ, ಆದರೆ ಅದು ಬಡಿಯಬೇಕಾದ ಜಾಗ ಬೇರೆ. ಬಡವರು ಯಾವತ್ತೂ ಒಂದನ್ನೇ ನೆಚ್ಚಿದವರಲ್ಲ. ನಾಲ್ಕು ಕುರಿ, ಆರು ಕೋಳಿ, ಡೇರಿಗೆ ಹಾಕುವ ಎರಡು ಲೀಟರ್ ಹಾಲು, ಉದ್ಯೋಗ ಖಾತ್ರಿಯ ಕೂಲಿ, ಬದುವಿನ ನುಗ್ಗೆ, ಪೇಟೆಯಲ್ಲಿ ಕೆಲಸಕ್ಕಿರುವ ಮಗ. ಕುರಿ ಎಂದರೆ ಕಾಲ ಕೆಟ್ಟ ದಿನ ಸಂತೆಗೆ ನಡೆದು ಹೋಗುವ ದುಡ್ಡು. ಈ ಹರಡಿಕೊಂಡ ಬದುಕನ್ನು ಹಿಂದುಳಿದಿರುವಿಕೆ ಎಂದು ಕರೆದು, ಒಂದಕ್ಕೆ ಗಂಟುಹಾಕಿದ್ದು ನಮ್ಮ ಯೋಜನೆಗಳು. ಬೀಜದ ಸಹಾಯಧನ ಒಂದು ಬೆಳೆಗೆ, ಸಾಲದ ಮಿತಿ ಒಂದು ಬೆಳೆಗೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ಕಡಿಮೆಯೇ. ಆದರೆ ವಿಮೆ ಅಧಿಸೂಚಿತ ಬೆಳೆಗೆ, ನಷ್ಟದ ಲೆಕ್ಕ ಗ್ರಾಮ ಪಂಚಾಯಿತಿಯ ಅಥವಾ ಹೋಬಳಿಯ ಇಳುವರಿಯ ಮೇಲೆ. ಅಕ್ಕಡಿ ಸಾಲಿನ ಸಾಸಿವೆ, ಹುಚ್ಚೆಳ್ಳು, ಹರಳಿನಂಥವಕ್ಕೆ ಆ ಅರ್ಜಿಯಲ್ಲಿ ಜಾಗ ಸಿಗುವುದು ಅಪರೂಪ. ಅಂದರೆ ತನ್ನ ಹೊಲದಲ್ಲಿ ತಾನೇ ವಿಮೆ ಬಿತ್ತಿಕೊಂಡವಳಿಗೆ ಸರ್ಕಾರದಿಂದ ಬಿಡಿಗಾಸಿಲ್ಲ.

ಪೇಟೆಯ ಮಧ್ಯಮವರ್ಗಕ್ಕೆ ಈ ಪಾಠ 2020ರ ಮಾರ್ಚ್ 24ರ ರಾತ್ರಿ ನಾಲ್ಕೇ ಗಂಟೆಯ ಲಾಕ್‌ಡೌನ್ ನೋಟಿಸಿನಲ್ಲಿ ಸಿಕ್ಕಿತ್ತು. ಆರು ತಿಂಗಳಿಗೆ ಮರೆತರು. ಇಬ್ಬರ ಸಂಬಳವನ್ನೂ ಒಂದು ಫ್ಲ್ಯಾಟಿನ ಇಎಂಐಗೆ ಬರೆದುಕೊಟ್ಟ ಮನೆಗಳಲ್ಲಿ ಮುಂದಿನ ವರ್ಷದ ಇನ್‌ಕ್ರಿಮೆಂಟ್ ಎಷ್ಟೆಂಬ ಚರ್ಚೆ ನಡೆಯುತ್ತದೆ, ಮುಂದಿನ ತಿಂಗಳು ಕೆಲಸವೇ ಇಲ್ಲದಿದ್ದರೆ ಎಷ್ಟು ದಿನ ತಡೆದೇವು ಎಂಬ ಚರ್ಚೆ ನಡೆಯುವುದಿಲ್ಲ. ಮೊದಲನೆಯದು ಯಾರಿಗೂ ಗೊತ್ತಿಲ್ಲ. ಎರಡನೆಯದಕ್ಕೆ ಪಾಸ್‌ಬುಕ್ಕು, ಒಂದು ಹಾಳೆ, ಪೆನ್ನು ಸಾಕು.

ಕ್ಷಾಮ ಸಂಹಿತೆಯ ಬುದ್ಧಿ ಪೂರ್ತಿ ಸತ್ತಿಲ್ಲ. ಹೈದರಾಬಾದಿನ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ಕ್ರಿಡಾ, ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಜಿಲ್ಲೆಗೊಂದರಂತೆ ಪರ್ಯಾಯ ಬೆಳೆ ಯೋಜನೆ ಬರೆದಿಟ್ಟಿದೆ. ಮುಂಗಾರು ಎರಡು ವಾರ ತಡವಾದರೆ ಯಾವ ಬೆಳೆ, ನಾಲ್ಕು ವಾರ ತಡವಾದರೆ ಯಾವುದು, ಆರಕ್ಕೆ, ಎಂಟಕ್ಕೆ ಯಾವುದು, ನಡುವೆ ಮಳೆ ನಿಂತರೆ ಏನು, ಕೊಯ್ಲಿನಲ್ಲಿ ಸುರಿದರೆ ಏನು ಎಂದು ಅದರಲ್ಲಿ ಕೋಷ್ಟಕಗಳಿವೆ. ಮಳೆ ಬರುತ್ತದೋ ಇಲ್ಲವೋ ಎಂದು ಅದು ಒಂದು ಕಡೆಯೂ ಹೇಳುವುದಿಲ್ಲ. ಏಪ್ರಿಲಿನಲ್ಲಿ ಮುಖಪುಟಕ್ಕೆ ಬರಬೇಕಾದ ದಾಖಲೆ ಅದು, ಯಾವ ಟಿ.ವಿ.ಯಲ್ಲೂ ನಾನದನ್ನು ನೋಡಿಲ್ಲ. ಮುಂಗಾರು ಪೂರ್ವಸಿದ್ಧತಾ ಸಭೆಯಲ್ಲಿ ಉಸ್ತುವಾರಿ ಸಚಿವರು ಶೇಕಡಾವಾರು ಮಳೆ ಕೇಳುತ್ತಾರೆ, ಜಂಟಿ ನಿರ್ದೇಶಕರು ‘ವಾಡಿಕೆ ಸಾರ್’ ಎನ್ನುತ್ತಾರೆ, ಕಾಫಿ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಮಳೆ ಆರು ವಾರ ತಡವಾದರೆ ಈ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಎಷ್ಟು ಕ್ವಿಂಟಲ್ ಹುರುಳಿ, ಎಷ್ಟು ಸಾಮೆ, ಎಷ್ಟು ಅಲ್ಪಾವಧಿ ರಾಗಿ ಬೀಜ ಇದೆ, ಇಲ್ಲದಿದ್ದರೆ ಎಲ್ಲಿಂದ ಎಷ್ಟು ದಿನಕ್ಕೆ ತರಿಸುತ್ತೀರಿ? ಇದಕ್ಕೆ ಉಪಗ್ರಹ ಬೇಕಿಲ್ಲ. ಗೋದಾಮಿನ ಬೀಗ ತೆಗೆದು ಎಣಿಸಿ ಬಂದು ಉತ್ತರ ಹೇಳಲಿ.